ನೆಗ್ಗಿಲ ಮುಳ್ಳು

11 ಆಗಸ್ಟ್ 2024, ಭಾನುವಾರ

ಇವತ್ತೆಲ್ಲ ಮೇಜಿನ ಮೇಲಿದ್ದದ್ದು ಒಂದೇ ಒಂದು ನೆಗ್ಗಿಲ ಮುಳ್ಳು. ಭೂತಗನ್ನಡಿ ಹಿಡಿದು ಎಷ್ಟು ನೋಡಿದರೂ ಸಾಲದು. ಎರಡು ಉದ್ದನೆಯ ಮುಳ್ಳುಗಳು ಕೊಂಬಿನ ಹಾಗೆ ಸೆಟೆದು ನಿಂತಿವೆ, ಬುಡದ ಕಡೆ ಇನ್ನೆರಡು ಚಿಕ್ಕವು. ಹೇಗೆ ಉರುಳಿಸಿದರೂ ಒಂದಲ್ಲ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ಸೈಕಲ್ ಟೈರು ಪಂಕ್ಚರ್ ಆಗುವುದರಲ್ಲಿ ಆಶ್ಚರ್ಯವಿಲ್ಲ.

ಇದು ಇಡೀ ಕಾಯಿಯಲ್ಲ, ಅದರ ಐದರಲ್ಲೊಂದು ಪಾಲು. ಬಲಿತ ಕಾಯಿ ಐದು ಹೋಳಾಗಿ ಒಡೆದು, ಒಂದೊಂದೂ ಸಿಕ್ಕಿದ ಗೊರಸಿಗೆ, ಚಕ್ರಕ್ಕೆ, ಚಪ್ಪಲಿಗೆ ನಾಟಿಕೊಂಡು ತನ್ನ ದಾರಿ ಹಿಡಿಯುತ್ತದೆ. ಗಟ್ಟಿ ಕವಚದ ಒಳಗೆ ಕೆಲವೇ ಬೀಜಗಳು. ಅವೆಲ್ಲವೂ ಒಟ್ಟಿಗೆ ಮೊಳೆಯುವುದಿಲ್ಲ ಎಂಬುದೇ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ಸಂಗತಿ. ಸಾಮಾನ್ಯವಾಗಿ ದೊಡ್ಡದು ಮೊದಲು ಮೊಳೆಯುತ್ತದೆ. ಉಳಿದವು ಕಾಯುತ್ತವೆ, ಕೆಲವು ವರ್ಷಗಟ್ಟಲೆ. ಒಂದು ಮಳೆ ಬಿದ್ದು ಮತ್ತೆ ಕೈಕೊಟ್ಟರೆ ಮೊದಲ ಸಸಿ ಒಣಗಬಹುದು, ವಂಶ ಅಳಿಯುವುದಿಲ್ಲ. ಮರಳುನೆಲದಲ್ಲಿ ಬದುಕಲು ಇಷ್ಟು ಎಚ್ಚರ ಬೇಕೇ ಬೇಕು.

ಗಿಡವೇನೋ ಸಾಧು. ತಾಯಿಬೇರು ಆಳಕ್ಕಿಳಿದಿರುತ್ತದೆ, ಕವಲುಗಳು ನೆಲಕ್ಕೊರಗಿ ಸುತ್ತಲೂ ಹರಡುತ್ತವೆ. ಜೋಡಿ ಎಲೆಗಳಲ್ಲಿ ಒಂದು ಚಿಕ್ಕದು, ಒಂದು ದೊಡ್ಡದು. ಐದೆಸಳಿನ ಹಳದಿ ಹೂವು ಬೆಳಗಿನ ಬಿಸಿಲಿಗೆ ಅರಳುತ್ತದೆ.

ಇದರ ಹತ್ತಿರದ ಬಂಧುವೊಂದು ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಸಮೂಹದ ಡಾಫ್ನಿ ಮೇಜರ್ ದ್ವೀಪದಲ್ಲಿದೆ. 1977ರ ಬರಗಾಲದಲ್ಲಿ ಅಲ್ಲಿ ಸಣ್ಣ, ಮೆತ್ತನೆಯ ಬೀಜಗಳೆಲ್ಲ ಮುಗಿದು, ಫಿಂಚ್ ಹಕ್ಕಿಗಳಿಗೆ ಮುಖ್ಯವಾಗಿ ಉಳಿದದ್ದು ಈ ಬಗೆಯ ಗಟ್ಟಿ ಮುಳ್ಳುಗಾಯಿ. ಅದನ್ನು ಒಡೆಯಬಲ್ಲ ದಪ್ಪ ಕೊಕ್ಕಿನ ಹಕ್ಕಿಗಳೇ ಹೆಚ್ಚಾಗಿ ಬದುಕಿದವು. ಮುಂದಿನ ಪೀಳಿಗೆಯ ಕೊಕ್ಕೂ ಸರಾಸರಿಯಲ್ಲಿ ದಪ್ಪವಾಯಿತು. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿ ಅದನ್ನು ಅಳೆದು ತೋರಿಸಿದರು. ವಿಕಾಸವನ್ನು ಕಣ್ಣೆದುರೇ ಕಾಣಿಸಿದ ಕತೆಯಲ್ಲಿ ಈ ಮುಳ್ಳಿನ ಬಳಗಕ್ಕೂ ಪಾಲಿದೆ ಎಂದು ನೆನೆದಾಗಲೆಲ್ಲ ಮೈ ನವಿರೇಳುತ್ತದೆ.

ಹಾಗೆಂದು ಕುರಿ ಸಾಕುವವರ ಸಂಕಟವನ್ನು ಮರೆಯಲಾರೆ. ಈ ಗಿಡವನ್ನು ಮೇದ ಕುರಿಗಳಿಗೆ ಕೆಲವೊಮ್ಮೆ ಬಿಸಿಲು ತಾಳಲಾಗದ ಕಾಯಿಲೆ ಬಂದು ಮುಖ ಊದಿಕೊಳ್ಳುತ್ತದೆ. ಅಮೆರಿಕದಲ್ಲಿ ಈ ಗಿಡವನ್ನು ಹತ್ತಿಕ್ಕಲು 1961ರಲ್ಲಿ ಬೀಜ ಕೊರೆಯುವ ಮತ್ತು ಕಾಂಡ ಕೊರೆಯುವ ಎರಡು ಜಾತಿಯ ಮೂತಿಹುಳುಗಳನ್ನು ಹೊರಗಿನಿಂದ ತರಿಸಿ ಬಿಟ್ಟರು. ಮನುಷ್ಯರಿಗೆ ಸುಲಭದ ದಾರಿಯೆಂದರೆ, ಕಾಯಿ ಬಲಿಯುವ ಮೊದಲೇ ತಾಯಿಬೇರನ್ನು ನೆಲಮಟ್ಟದ ಕೆಳಗೆ ಕತ್ತರಿಸುವುದು. ಜನ, ದನ ಓಡಾಡುವ ಹಾದಿಯಲ್ಲಿರುವುದನ್ನು ನಾಳೆಯೇ ಕತ್ತರಿಸುತ್ತೇನೆ. ಆಚೆಯ ಖಾಲಿ ಮರಳಿನಲ್ಲಿರುವುದನ್ನು ಮುಟ್ಟುವುದಿಲ್ಲ.