ಗುಡಿಬಂಡೆಯಿಂದ ಮುಳಬಾಗಿಲಿಗೆ: ಕೋಟೆ, ವೀರಗಲ್ಲು, ಮತ್ತೆ ಸಹಾಯಕ್ಕೆ ಬರೋರು

ನಮ್ಮ ಬಯಲುಸೀಮೇಲಿ ಒಂದು ದೊಡ್ಡ ಬಂಡೆ ಕಂಡ್ರೆ ಅದರ ಮೇಲೊಂದು ಕೋಟೆ ಇದ್ದೇ ಇರುತ್ತೆ, ಕೋಟೆ ಇದ್ರೆ ಅದಕ್ಕೊಬ್ಬ ಪಾಳೇಗಾರ ಇದ್ದೇ ಇರ್ತಾನೆ. ತುಮಕೂರು ಬಿಟ್ಟು ಮಧುಗಿರಿ, ಗೌರಿಬಿದನೂರು, ಗುಡಿಬಂಡೆ, ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರ, ಕೊನೇಗೆ ಮುಳಬಾಗಿಲು, ಹೀಗೆ ರೂಟ್ ಹಾಕ್ಕೊಂಡು ನಾನೂ ನನ್ನ ಭಾವಮೈದನೂ ಕಾರಲ್ಲಿ ಹೊರಟಿದ್ದಕ್ಕೆ ಕಾರಣ ನಮ್ಮಿಬ್ಬರ ಹಳೇ ವಾದ. ಅವನ ಪ್ರಕಾರ ಯುದ್ಧ ಗೆಲ್ಲೋದು ಗಂಡೆದೆ ಇರೋ ಜನ. ನನ್ನ ಪ್ರಕಾರ ಗಂಡೆದೆ ಎಲ್ಲಾ ಕಡೆ ಇತ್ತು, ಸೋತೋರ ಹತ್ರಾನೂ ಇತ್ತು, ಗೆಲ್ಲಿಸಿದ್ದು ಬೇರೆ ಏನೋ. ಅದನ್ನ ಮನೇಲಿ ಕೂತು ಮಾತಾಡೋ ಬದ್ಲು ಆ ಜಾಗಗಳಲ್ಲೇ ನಿಂತು ಮಾತಾಡೋಣ ಅಂತ.

ಮಧುಗಿರಿ ಏಕಶಿಲಾ ಬೆಟ್ಟ ಹತ್ತಲಿಲ್ಲ, ಬಿಸಿಲು ಜಾಸ್ತಿ ಇತ್ತು, ಕೆಳಗಿಂದ್ಲೇ ನೋಡಿ ಮುಂದೆ ಹೋದ್ವಿ. ಗುಡಿಬಂಡೆ ಮಾತ್ರ ಬಿಡಲಿಲ್ಲ. ಬೈರೇಗೌಡ ಕಟ್ಟಿಸಿದ ಕೋಟೆ ಅದು. ಕೆಳಗೆ ಅಮಾನಿ ಬೈರಸಾಗರ ಕೆರೆ, ಮೇಲಿಂದ ನೋಡಿದ್ರೆ ನಮ್ಮ ದೇಶದ ನಕ್ಷೆ ಥರ ಕಾಣುತ್ತೆ ಅಂತ ಈಗ ಎಲ್ಲರೂ ಫೋಟೋ ಹಾಕ್ತಾರೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಬಂಡೆ ಮೇಲಿನ ದೊಣೆಗಳು. ಮಳೆ ನೀರು ಒಂದು ಹನಿ ಹರಿದು ಹೋಗದ ಹಾಗೆ ದೊಣೆಯಲ್ಲಿ ಹಿಡಿದಿದ್ದಾರೆ, ಗೋಡೆಗೆ ಅಲ್ಲೇ ಇರೋ ಬಂಡೆಗುಂಡನ್ನೇ ಬಳಸ್ಕೊಂಡು ಸಂದು ಇದ್ದ ಕಡೆ ಮಾತ್ರ ಕಟ್ಟಿದ್ದಾರೆ, ಬಾಗಿಲು ತಿರುವಿನಲ್ಲಿ ಇಟ್ಟಿದ್ದಾರೆ, ಒಬ್ಬ ನಿಂತ್ರೆ ಸಾಕು ಹತ್ತು ಜನ ಒಳಗೆ ನುಗ್ಗೋಕಾಗಲ್ಲ. ತಿಂಗಳುಗಟ್ಟಲೆ ಯಾರ ಹಂಗೂ ಇಲ್ಲದೆ ಇರೋದಕ್ಕೆ ಮಾಡಿದ ಜಾಗ ಅದು. ಎಷ್ಟು ಬುದ್ಧಿ, ಎಷ್ಟು ಶ್ರಮ! ಆದ್ರೆ ಆ ಯೋಚನೇಲೇ ಒಂದು ಕೊರತೆ ಇದೆ ಅಂತ ನಂಗೆ ಬಲವಾಗಿ ಅನ್ಸುತ್ತೆ, ಯಾರ ಹಂಗೂ ಬೇಡ ಅಂತ ಕಟ್ಟಿಕೊಂಡವನ ಬಾಗಿಲಿಗೆ ಕಷ್ಟ ಬಂದಾಗ ಯಾರು ಬರ್ತಾರೆ?

ಚಿಕ್ಕಬಳ್ಳಾಪುರದ ಕಥೆ ನೋಡಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಇವೆಲ್ಲ ಆವತಿ ನಾಡಪ್ರಭುಗಳ ಒಂದೇ ಬೇರಿಂದ ಬಂದ ಮನೆತನಗಳು. ದೊಡ್ಡಬಳ್ಳಾಪುರ ಮೊದಲು ಬಿಜಾಪುರದವರಿಗೆ, ಆಮೇಲೆ ಮೊಘಲರ ಕೈಗೆ ಹೋಯ್ತು. ದೇವನಹಳ್ಳಿಯನ್ನ 1749ರಲ್ಲಿ ಮೈಸೂರಿನವರು ತಗೊಂಡ್ರು, ಹೈದರ್ ಅಲಿ ಮೊದಲು ಹೆಸರು ಮಾಡಿದ್ದೇ ಆ ಮುತ್ತಿಗೇಲಿ. 1762ರಲ್ಲಿ ಅದೇ ಹೈದರ್ ಚಿಕ್ಕಬಳ್ಳಾಪುರಕ್ಕೆ ಬಂದಾಗ ಇಲ್ಲಿನ ಗೌಡರು ಸಹಾಯ ಕೇಳಬೇಕಾಗಿದ್ದು ದೂರದ ಗುತ್ತಿಯ ಮರಾಠ ಸರದಾರ ಮುರಾರಿ ರಾಯನನ್ನ. ಅವನು ಬಂದ, ಆದ್ರೆ ಅವನ ಲೆಕ್ಕಾಚಾರ ಅವನಿಗೆ. ನಂದಿ ಬೆಟ್ಟದಂಥ ಬೆಟ್ಟ ಕೈಲಿದ್ರೂ ಸಂಸ್ಥಾನ ಉಳೀಲಿಲ್ಲ. ನನ್ನ ಕುಲ, ನನ್ನ ಬೆಟ್ಟ, ನನ್ನ ಬಿರುದು ಅನ್ನೋ ಹೆಮ್ಮೆ ಒಂದು ಕೋಟೆ ಕಾಯೋಕೆ ಸಾಕಾಯ್ತು, ಸೀಮೆ ಕಾಯೋಕೆ ಸಾಲಲಿಲ್ಲ.

ಭಾವಮೈದ ಇದಕ್ಕೆ ಒಪ್ಪಲಿಲ್ಲ. "ಭಾವ, ಹಂಗಾದ್ರೆ ನಮ್ಮ ಹಳ್ಳಿ ಜನ ಒಬ್ಬರಿಗೊಬ್ಬರು ಆಗ್ತಾನೇ ಇರ್ಲಿಲ್ವಾ?" ಅಂದ. ಒಳ್ಳೇ ಪ್ರಶ್ನೆ ಅದು. ಅದಕ್ಕೆ ಉತ್ತರ ಚಿಂತಾಮಣಿ ದಾಟಿದ ಮೇಲೆ ಒಂದು ಕೆರೆ ಏರಿ ಪಕ್ಕ ಸಿಕ್ತು.

ಹುಣಸೇಮರದ ಕೆಳಗೆ ಎದೆ ಎತ್ತರದ ಒಂದು ವೀರಗಲ್ಲು, ಅರ್ಧ ಅಡಿ ಮಣ್ಣಲ್ಲಿ ಹೂತಿದೆ. ಕೆಳಗಿನ ಪಟ್ಟಿಕೇಲಿ ಬಿಲ್ಲು ಎಳೀತಿರೋ ಒಬ್ಬ ಆಳು, ಎಡಗಾಲು ಮುಂದೆ, ಮೈಗೆ ಬಾಣ ನಾಟಿದೆ, ಅವನ ಹಿಂದೆ ಸಾಲಾಗಿ ಹಸುಗಳ ತಲೆ, ಬರೀ ಕೊಂಬು ಕಿವಿ ಮಾತ್ರ ಕಾಣೋ ಹಾಗೆ ಕೆತ್ತಿದ್ದಾರೆ. ತುರುಗೋಳಿನ ಕಲ್ಲು, ಅಂದ್ರೆ ದನ ಹೊಡ್ಕೊಂಡು ಹೋಗೋರ ಜೊತೆ ಕಾದಾಡಿ ಸತ್ತವನ ಕಲ್ಲು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಮಧ್ಯದಲ್ಲಿ ಇಬ್ಬರು ಅಪ್ಸರೆಯರು, ನಡೆಯೋಕೆ ಕಲೀತಿರೋ ಮಗೂನ ಎರಡೂ ಕಡೆಯಿಂದ ಹಿಡಿದು ಎತ್ತೋ ಹಾಗೆ ಅವನನ್ನ ಮೇಲಕ್ಕೆ ಎತ್ಕೊಂಡು ಹೋಗ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅದೇ ಆಳು ಕೈ ಮುಗಿದು ಕೂತಿದ್ದಾನೆ. ಅಕ್ಷರ ಎಲ್ಲಾ ಸವೆದು ಹೋಗಿದೆ. ಅರಿಶಿನ ಕುಂಕುಮ ಮಾತ್ರ ಹೊಸದು. ಹಸು ಮೇಯಿಸ್ತಿದ್ದ ಒಬ್ಬ ತಾತ ಬಂದು "ನಮ್ಮ ವೀರಣ್ಣ ಸಾಮಿ ಇದು, ದನಕ್ಕೆ ಏನಾದ್ರೂ ಆದ್ರೆ ಇಲ್ಲೇ ಕಾಯಿ ಒಡೆಯೋದು" ಅಂದ್ರು. ಯಾರು ಸತ್ತಿದ್ದು ತಾತ ಅಂತ ಕೇಳಿದ್ದಕ್ಕೆ "ನಮ್ಮೋನೇ" ಅಂತ ಅಷ್ಟೇ ಹೇಳಿದ್ರು.

ವೀರಗಲ್ಲು ಅಂದ್ರೆ ಸ್ವರ್ಗದ ಆಸೆ ತೋರಿಸಿ ಸಾಯೋಕೆ ಕಳಿಸೋದು ಅಂತ ಕೆಲವರು ಹೇಳ್ತಾರೆ, ಗೆದ್ದರೆ ಲಕ್ಷ್ಮಿ ಸತ್ತರೆ ಸುರಾಂಗನೆ ಅನ್ನೋ ಶ್ಲೋಕಾನೂ ಎಷ್ಟೋ ಕಲ್ಲುಗಳ ಮೇಲಿದೆ, ನಿಜ. ಆದ್ರೆ ಬರೀ ಸುರಾಂಗನೆ ಅಲ್ಲ. ಗಂಗರ, ನೊಳಂಬರ ಕಾಲದಿಂದ್ಲೂ ಶಾಸನಗಳಲ್ಲಿ ಕಲ್ನಾಡು, ನೆತ್ತರುಗೊಡಗೆ ಅಂತ ಬರುತ್ತೆ, ಅಂದ್ರೆ ಸತ್ತವನ ಮನೆಯವರಿಗೆ ಗದ್ದೆ, ಹೊಲ ಬಿಟ್ಟುಕೊಡೋದು, ಅದನ್ನ ಕಿತ್ಕೊಂಡವನಿಗೆ ಪಾಪ ತಟ್ಟುತ್ತೆ ಅಂತ ಶಾಪಾನೂ ಕೆತ್ತಿಸೋದು. ಊರ ಮುಂದೆ ಕಲ್ಲಲ್ಲಿ ಬರೆದ ಮಾತು ಅದು, ನೀನು ಸತ್ತರೆ ನಿನ್ನ ಹೆಂಡ್ತಿ ಮಕ್ಕಳು ಬೀದಿಗೆ ಬೀಳಲ್ಲ ಅಂತ. ದನ ಹೊಡ್ಕೊಂಡು ಹೋಗೋರ ಮುಂದೆ ಒಬ್ಬಂಟಿ ನಿಂತುಕೊಳ್ಳೋ ಧೈರ್ಯ ಆ ಮಾತಿಂದ ಬರುತ್ತೆ. ಆದ್ರೆ ಆ ಮಾತು ನಡೀತಿದ್ದಿದ್ದು ಊರಿನ ಎಲ್ಲೆವರೆಗೆ, ಹೆಚ್ಚಂದ್ರೆ ನಾಡಿನ ಎಲ್ಲೆವರೆಗೆ.

ಆ ಮಾತು ಮುರಿದ್ರೆ ಏನಾಗುತ್ತೆ ಅಂತ ನೋಡೋಕೆ ಕೋಲಾರದ ಮಕಬರಾಗೆ ಹೋಗ್ಬೇಕು. ಹೈದರನ ಅಪ್ಪ ಫತೇ ಮುಹಮ್ಮದನ ಸಮಾಧಿ ಅಲ್ಲಿದೆ. ಶಿರಾ ನವಾಬರ ಕೈಕೆಳಗೆ ದುಡಿದ ಮನುಷ್ಯ, ಬೂದಿಕೋಟೆ ಅವನ ಜಹಗೀರು, ಹೈದರ್ ಹುಟ್ಟಿದ್ದೂ ಅಲ್ಲೇ. ತನ್ನ ಒಡೆಯನ ಪರ ಹೋರಾಡ್ತಾ ಸತ್ತ. ಅವನ ಸಂಸಾರಕ್ಕೆ ಸಿಕ್ಕಿದ್ದು ಏನು? ದೊಡ್ಡಬಳ್ಳಾಪುರದಲ್ಲಿದ್ದ ಒಡೆಯನ ಮನೆಯವನೇ ಆದ ಅಬ್ಬಾಸ್ ಕುಲಿ ಖಾನ್ ಮನೇಲಿದ್ದಿದ್ದೆಲ್ಲ ಕಿತ್ಕೊಂಡು, ಇನ್ನೂ ದುಡ್ಡು ಬರ್ಲಿ ಅಂತ ಸಣ್ಣ ಹುಡುಗರಾದ ಶಹಬಾಜ್, ಹೈದರ್ ಇಬ್ಬರನ್ನೂ ನಗಾರಿಯೊಳಗೆ ಕೂರಿಸಿ ಹಿಂಸೆ ಕೊಟ್ಟ ಅಂತ ಹೇಳ್ತಾರೆ. ಬಿಡಿಸಿಕೊಂಡಿದ್ದು ಮೈಸೂರಿನ ಸೇವೇಲಿದ್ದ ಒಬ್ಬ ಸಂಬಂಧಿ. ಮುಂದೆ ಹೈದರ್ ಎಲ್ಲಾ ಜಾತಿ, ಎಲ್ಲಾ ಧರ್ಮದ ಜನರನ್ನ ಸೇರಿಸಿಕೊಂಡು, ಬೇಡರ ಕಾಲಾಳು, ಕುದುರೆ ದಂಡು, ಫ್ರೆಂಚರ ಕವಾಯತು ಎಲ್ಲಾ ಒಂದೇ ಕೈಕೆಳಗೆ ತಂದ, ಗಾಯ ಆದ ಸಿಪಾಯಿಗೆ ಭತ್ಯೆ ಕೊಟ್ಟ. ಬಾಲ್ಯದಲ್ಲಿ ಅನುಭವಿಸಿದ್ದು ಅವನ ತಲೇಲಿ ಇರ್ಲಿಲ್ಲ ಅಂತ ನಂಬೋಕೆ ನಂಗೆ ಕಷ್ಟ. ಬೇರೆ ಬೇರೆ ಬೆಟ್ಟದ ಮೇಲೆ ಕೂತಿದ್ದ ಪಾಳೇಗಾರರು ಇಂಥ ದಂಡಿನ ಮುಂದೆ ಹೇಗೆ ನಿಲ್ತಾರೆ ಹೇಳಿ.

ಕೋಲಾರದಿಂದ ಮುಳಬಾಗಿಲಿಗೆ ಹೈವೇಲಿ ಹೆಚ್ಚು ಹೊತ್ತು ಹಿಡಿಯಲ್ಲ. ಊರ ಹಿಂದಿನ ಬೆಟ್ಟ ಹತ್ತಿ ನಿಂತ್ರೆ ಸುತ್ತಲೂ ಬರೀ ಗುಂಡು, ಬಂಡೆ, ಸಂದಿ, ನೂರು ಜನ ಅಡಗಿದ್ರೂ ಗೊತ್ತಾಗದಂಥ ಜಾಗ. 1768ರ ಅಕ್ಟೋಬರ್ 4ರಂದು ಇಲ್ಲೇ ಹೈದರ್ ಮತ್ತೆ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್ ಎದುರಾಗಿದ್ದು. ವುಡ್‌ನ ದಂಡು ಚಿಕ್ಕದು, ಸೋಲೋದು ಗ್ಯಾರಂಟಿ ಅನ್ನೋ ಸ್ಥಿತಿ. ಆಗ ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ಅನ್ನೋನು ನಾಲ್ಕು ತುಕಡಿ ಸಿಪಾಯಿಗಳು, ಎರಡು ತೋಪು ತಗೊಂಡು ಯಾರಿಗೂ ಕಾಣದ ಹಾಗೆ ಒಂದು ಚಪ್ಪಟೆ ಬಂಡೆ ಮೇಲೆ ಹತ್ತಿ, ತೋಪು ಹಾರಿಸಿ, ಎಲ್ಲರ ಕೈಲೂ "ಸ್ಮಿತ್! ಸ್ಮಿತ್!" ಅಂತ ಕೂಗಿಸಿದ. ಕಂಪನಿಯ ಇನ್ನೊಂದು ದಂಡಿನ ಮುಖ್ಯಸ್ಥ ಕರ್ನಲ್ ಸ್ಮಿತ್ ಅಲ್ಲಿ ಇರಲೇ ಇಲ್ಲ. ಆದ್ರೆ ಹೈದರನ ಕಡೆಯವರೂ ನಂಬಿದ್ರು, ವುಡ್‌ನ ಕಡೆಯವರೂ ನಂಬಿದ್ರು! ಮೈಸೂರಿನ ದಂಡು ಹಿಂದೆ ಸರೀತು, ಅಷ್ಟರಲ್ಲಿ ವುಡ್ ಸಾವರಿಸಿಕೊಂಡ, ಆಮೇಲೆ ಗೊತ್ತಾಗಿ ಹೈದರ್ ಮತ್ತೆ ಮೇಲೆ ಬಿದ್ರೂ ದಂಡನ್ನ ಮುರಿಯೋಕಾಗಲಿಲ್ಲ.

ನಾನು ಇಷ್ಟು ದೂರ ಬಂದಿದ್ದು ಈ ಒಂದು ಘಟನೆಗೋಸ್ಕರ. ಆ ಸುಳ್ಳು ಯಾಕೆ ನಡೀತು ಯೋಚನೆ ಮಾಡಿ. ಕಂಪನಿಯ ಒಂದು ತುಕಡಿ ಕಷ್ಟದಲ್ಲಿದ್ರೆ ಇನ್ನೊಂದು ಬಂದೇ ಬರುತ್ತೆ ಅನ್ನೋದು ಶತ್ರುವಿಗೂ ಗೊತ್ತಿತ್ತು. ಗುಡಿಬಂಡೆ ಮೇಲೆ ನಿಂತು ಪಕ್ಕದ ಬೆಟ್ಟದವನು ಬಂದ ಅಂತ ಕೂಗಿದ್ರೆ ಯಾರು ನಂಬ್ತಿದ್ರು? ಕಂಪನಿಯವರು ನಮಗೆ ಮಾಡಿದ ಅನ್ಯಾಯ ನಾನು ಮರೆತಿಲ್ಲ, ಅವರನ್ನ ಹೊಗಳೋಕೂ ಇದನ್ನ ಹೇಳ್ತಿಲ್ಲ, ಆದ್ರೆ ಆ ನಂಬಿಕೇನೇ ಒಂದು ಆಯುಧ.

ಕೆಳಗಿಳಿದು ದೋಸೆ ತಿನ್ನೋವಾಗ (ಮುಳಬಾಗಿಲಿಗೆ ಹೋಗಿ ದೋಸೆ ತಿನ್ನದೆ ಬರಬಾರದು) ಭಾವಮೈದ ಕೇಳಿದ, "ಹಂಗಾದ್ರೆ ಅವರೇ ಯಾವಾಗ್ಲೂ ಗೆಲ್ಬೇಕಿತ್ತಲ್ಲ ಭಾವ?" ಗೆಲ್ಲಲಿಲ್ಲ. ಮುಂದಿನ ವರ್ಷವೇ, 1769ರಲ್ಲಿ, ಹೈದರ್ ಕುದುರೆ ದಂಡು ಕಟ್ಟಿಕೊಂಡು ನೇರ ಮದ್ರಾಸಿನ ಬಾಗಿಲಿಗೆ ಹೋಗಿ ಒಪ್ಪಂದ ಮಾಡಿಸಿಕೊಂಡ, ಒಬ್ಬರ ಮೇಲೆ ಯಾರಾದ್ರೂ ಬಿದ್ರೆ ಇನ್ನೊಬ್ಬರು ಸಹಾಯಕ್ಕೆ ಬರ್ಬೇಕು ಅಂತ. ಮರಾಠರು ಮೈಸೂರಿನ ಮೇಲೆ ಬಂದಾಗ ಕಂಪನಿ ಬರ್ಲಿಲ್ಲ. ಆ ಸಿಟ್ಟು ಹೈದರನಿಗೆ ಕೊನೇವರೆಗೂ ಹೋಗ್ಲಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕಂಪನಿಯ ಕರ್ನಲ್ ಬೈಲಿ ಸಿಕ್ಕಿಬಿದ್ದಾಗ, ಹತ್ತಿರದ ಕಾಂಚೀಪುರದಲ್ಲೇ ದೊಡ್ಡ ದಂಡು ಇಟ್ಕೊಂಡಿದ್ದ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋ ಹೊತ್ತಿಗೆ ಸರಿಯಾಗಿ ಬರ್ಲಿಲ್ಲ. ಮೈಸೂರಿನ ರಾಕೆಟ್ಟು, ಟಿಪ್ಪು ಹೈದರ್ ಇಬ್ಬರ ದಂಡು ಸೇರಿ ಬೈಲಿ ತುಕಡಿ ಪೂರ್ತಿ ನೆಲ ಕಚ್ಚಿತು, ಮನ್ರೋ ಭಾರದ ತೋಪುಗಳನ್ನ ಕೆರೆಗೆ ತಳ್ಳಿ ಮದ್ರಾಸಿಗೆ ವಾಪಸ್ ಹೋದ. ನಾವು ದೋಸೆ ತಿಂತಿದ್ದ ಹೋಟೆಲ್ ಮುಂದಿನ ರಸ್ತೆ ಕಡೆಯಿಂದ ಚಿತ್ತೂರು, ರಾಣಿಪೇಟೆ ಮೇಲೆ ಹಾಗೇ ಹೋದ್ರೆ ಕಾಂಚೀಪುರ ಸಿಗುತ್ತೆ.

"ತೋಪು, ದುಡ್ಡು ಲೆಕ್ಕಕ್ಕೆ ಇಲ್ವಾ ಹಾಗಾದ್ರೆ?" ಅಂತ ಬಿಲ್ ಕೊಡೋವಾಗ ಇನ್ನೊಂದು ಹಾಕಿದ. ಇದೆ, ಖಂಡಿತ ಇದೆ. ಆದ್ರೆ 1791ರಲ್ಲಿ ನಂದಿ ಬೆಟ್ಟ ಕಂಪನಿಯ ಕಾರ್ನ್‌ವಾಲಿಸ್ ಕೈಗೆ ಹೋದಾಗ್ಲೂ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ್ಲೂ ಟಿಪ್ಪು ಹತ್ರ ತೋಪು ಇತ್ತು, ರಾಕೆಟ್ ಇತ್ತು, ಜೀವ ಕೊಡೋ ಜನಾನೂ ಇದ್ರು. ನಿಜಾಮ ಎರಡು ಸಲಾನೂ ಕಂಪನಿ ಕಡೆ ಸೇರಿದ್ದ, 1791ರಲ್ಲಿ ಮರಾಠರೂ ಸೇರಿದ್ರು, ಟಿಪ್ಪು ದಾರಿ ಕಾಯ್ತಿದ್ದ ಫ್ರೆಂಚರು ಈಜಿಪ್ಟಿನಿಂದ ಈ ಕಡೆ ಬರಲೇ ಇಲ್ಲ.