ಕಂಬ ಕೊಟ್ಟು ಗೋಡೆ ಕೆಡವುವ ವಿದ್ಯೆ

ಮಲೆನಾಡಿನ ಕವಲೇದುರ್ಗದ ಕೋಟೆಗೆ ಬಂದವರು ಸುರಂಗ ಎಲ್ಲಿ ಎಂದು ಕೇಳುವುದು ರಾಜ ತಪ್ಪಿಸಿಕೊಂಡ ದಾರಿ ಹುಡುಕಲು. ಆದರೆ ಮುತ್ತಿಗೆಯಲ್ಲಿ ಸುರಂಗದ ದೊಡ್ಡ ಕೆಲಸ ಬೇರೆ: ಕೋಟೆಗೋಡೆಯನ್ನು ಬುಡದಿಂದ ಉರುಳಿಸುವುದು. ಮದ್ದುಗುಂಡು ಬರುವ ಮೊದಲೇ ಯುರೋಪು, ಪಶ್ಚಿಮ ಏಷ್ಯಾಗಳಲ್ಲಿ ಇದು ಪಳಗಿದ ಕಸುಬು.

ಬಾಣ ತಾಗದಷ್ಟು ದೂರದಲ್ಲಿ, ಚಪ್ಪರದ ಮರೆಯಲ್ಲಿ ಸುರಂಗದ ಬಾಯಿ ತೆಗೆಯುತ್ತಿದ್ದರು. ಹೊಸ ಮಣ್ಣಿನ ಗುಡ್ಡೆ ಕಣ್ಣಿಗೆ ಬಿದ್ದರೆ ಗುಟ್ಟು ರಟ್ಟು. ತಳಪಾಯ ಮುಟ್ಟಿದ ಮೇಲೆ ನಿಜವಾದ ಕೈಚಳಕ. ಅಡಿಗಲ್ಲನ್ನು ಸ್ವಲ್ಪ ಬಿಡಿಸಿ, ಕೂಡಲೇ ಮರದ ಕಂಬ ಕೊಡಬೇಕು. ಕಂಬದ ತಲೆಗೆ ಅಡ್ಡಪಟ್ಟಿ, ಬುಡಕ್ಕೆ ಹಲಗೆ, ನಡುವೆ ಬೆಣೆ ಹೊಡೆದು ಬಿಗಿ ಮಾಡಿ, ಆಮೇಲಷ್ಟೇ ಮುಂದಿನ ಕಲ್ಲು. ಹಲಗೆ ಇಲ್ಲದಿದ್ದರೆ ಕಂಬ ಹಸಿಮಣ್ಣಿಗೆ ಇಳಿಯುತ್ತದೆ. ಬೆಣೆ ಸಡಿಲವಾದರೆ ಗೋಡೆ ತೋಡುವವರ ಮೇಲೇ ಕೂರುತ್ತದೆ. ಇಡೀ ಭಾರ ಕಂಬಕ್ಕೆ ಬಂದ ಮೇಲೆ ಒಣ ಸೌದೆ, ಜಿಗ್ಗು, ಕೊಬ್ಬು ತುಂಬಿ ಬೆಂಕಿ. ಕಂಬ ಸುಟ್ಟರೆ ಗೋಡೆ ಕುಸಿಯುತ್ತದೆ. ಗಾಳಿಯಾಡದಿದ್ದರೆ ಬರೀ ಹೊಗೆ. ಅರ್ಧ ಕಂಬ ಬೆಂದರೆ ಗೋಡೆ ಬಿರುಕು ಬಿಟ್ಟು ಹಾಗೇ ನಿಂತುಬಿಡುತ್ತದೆ.

ಕೊಬ್ಬು ಯಾಕೆಂದರೆ ಅದರ ಉರಿ ಬಲವಾದದ್ದು. 1215ರಲ್ಲಿ ಇಂಗ್ಲೆಂಡಿನ ರೋಚೆಸ್ಟರ್ ಕೋಟೆ ಮುತ್ತಿದ ದೊರೆ ಜಾನ್, ತಿನ್ನಲು ಅಷ್ಟೇನೂ ಚೆನ್ನಾಗಿಲ್ಲದ 40 ಕೊಬ್ಬಿದ ಹಂದಿಗಳನ್ನು ಹಗಲಿರುಳೆನ್ನದೆ ಕಳಿಸಿ ಎಂದು ನವೆಂಬರ್ 25ರಂದು ಆಜ್ಞೆ ಬರೆಸಿದ. ಗೋಪುರದ ಒಂದು ಮೂಲೆ ಉರುಳಿತು. ಒಳಗಿನವರು ನಡುಗೋಡೆಯ ಹಿಂದೆ ಸರಿದು ಮತ್ತೂ ಹೋರಾಡಿದರು. ಅವರನ್ನು ಶರಣಾಗಿಸಿದ್ದು ಹಸಿವು. ಆ ಮೂಲೆಯನ್ನು ಮತ್ತೆ ಕಟ್ಟಿದಾಗ ದುಂಡಗೆ ಕಟ್ಟಿದರು, ಉಳಿದ ಮೂರು ಇಂದಿಗೂ ಚೌಕ. ಚೌಕ ಮೂಲೆಯ ಬುಡ ತೆಗೆದರೆ ಎರಡು ಗೋಡೆಗೂ ಆಸರೆ ತಪ್ಪುತ್ತದೆ.

ಒಳಗಿನವರು ನೆಲದ ಮೇಲೆ ನೀರಿನ ಬೋಗುಣಿ ಇಟ್ಟು, ತೋಡುವ ಅದುರಿಗೆ ಅಲೆ ಏಳುವುದನ್ನು ಕಾಯುತ್ತಿದ್ದರು. ಜಾಗ ಗೊತ್ತಾದರೆ ಎದುರು ಸುರಂಗ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಮುತ್ತಿಗೆ ಹಾಕಿದ ಆಟೊಮನ್ ತುರ್ಕರು ಸರ್ಬಿಯಾದ ಗಣಿಗಾರರನ್ನು ತಂದರು. ಒಳಗಿದ್ದ ಎಂಜಿನಿಯರ್ ಯೋಹಾನೆಸ್ ಗ್ರಾಂಟ್ ಎದುರಿನಿಂದ ತೋಡಿಸಿ, ಬೆಂಕಿ, ಹೊಗೆ, ನೀರು ನುಗ್ಗಿಸಿ ಆ ಸುರಂಗಗಳನ್ನು ಹಾಳುಗೆಡವಿದ. ನಗರ ಕೊನೆಗೆ ಬಿದ್ದದ್ದು ಸುರಂಗದಿಂದಲ್ಲ.

ನಮ್ಮ ಕಡೆ ಇದು ನಡೆಯುವುದು ಬಲು ಕಷ್ಟ ಎಂದೇ ನನ್ನ ಅಭಿಪ್ರಾಯ. ಕವಲೇದುರ್ಗದಲ್ಲಿ ಗೋಡೆಯ ಬುಡ ನೋಡಿ, ಎಷ್ಟೋ ಕಡೆ ಅದು ಬಂಡೆಯ ಮೇಲೇ ಕೂತಿದೆ. ಗುದ್ದಲಿಗೆ ಜಾಗವಿಲ್ಲ, ಉಳಿಯ ಸದ್ದು ಮುಚ್ಚಿಡಲಾಗದು. ಬಿದನೂರು, ಅಂದರೆ ಇಂದಿನ ನಗರದ ಕೋಟೆಗೆ ಕಂದಕವಿದೆ. ಅದಕ್ಕಿಂತ ಕೆಳಗೆ ತೋಡಿದರೆ ಒಸರು. ಆಷಾಢದ ಮಳೆಯಲ್ಲಂತೂ ಗುಂಡಿ ತೋಡಿದಲ್ಲೆಲ್ಲ ನೀರು, ಸೌದೆಯೂ ಹಸಿ. ತೋಡುವುದಿದ್ದರೆ ದೀಪಾವಳಿ ಕಳೆದು ಯುಗಾದಿಯ ಆಸುಪಾಸಿನವರೆಗೆ ಮಾತ್ರ.