ಹಳೇ ಬಟ್ಟೆ ಕೊಟ್ಟರೆ ದಾನವೇ?

ಆಷಾಢದ ಜಡಿಮಳೆಗೆ ತುಂಗೆ ಉಕ್ಕಿತೆಂದರೆ ತೀರ್ಥಹಳ್ಳಿ ಕಡೆ ಪಿಯುಸಿ ಹುಡುಗರು ನೆರೆಗೆ ಸಿಕ್ಕವರಿಗಾಗಿ ಮನೆಮನೆಯಿಂದ ಬಟ್ಟೆ ಎತ್ತಲು ಹೊರಡುವುದುಂಟು. ಉತ್ಸಾಹ ಒಳ್ಳೆಯದೇ. ಆದರೆ ಮಲೆನಾಡಿನ ಥಂಡಿಯಲ್ಲಿ ಅರೆಬರೆ ಒಣಗಿದ ಒಂದು ಅಂಗಿ ಮೂಟೆ ಸೇರಿದರೂ ಸಾಕು, ಬೂಸ್ಟು ಹಿಡಿದು ಪಕ್ಕದ ಬಟ್ಟೆಗೆಲ್ಲ ಮುಗ್ಗಲು ವಾಸನೆ ಹತ್ತುತ್ತದೆ. ಬಚ್ಚಲೊಲೆಯ ಹತ್ತಿರ ಹರವಿ ಗರಿಗರಿ ಒಣಗಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿಯಿರಿ. ಗಂಡಸರದೋ, ಹೆಂಗಸರದೋ, ಎಷ್ಟು ವರ್ಷದ ಮಕ್ಕಳದೋ ಮೇಲೆ ಬರೆಯಿರಿ. ಗುಂಡಿ ಕಿತ್ತದ್ದು, ಜಿಪ್ ಹೋದದ್ದು ಬೇಡ. ಅದು ದಾನವಲ್ಲ, ಕಪಾಟು ಖಾಲಿ ಮಾಡುವ ಉಪಾಯ. ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್ ಬೇಕೆಂದು ಕೇಳಲು ಜನ ನಾಚುತ್ತಾರೆ, ಕೇಳದೆಯೇ ಕೊಡಿ.

ಹಣ ಎತ್ತುವುದಾದರೆ ನಂಬರಿರುವ ರಸೀದಿ ಪುಸ್ತಕ ಇರಲಿ, ಸಂಜೆಗೇ ಇಬ್ಬರು ಕೂತು ಎಣಿಸಿ ಸಹಿ ಹಾಕಲಿ. ತೆರಿಗೆ ವಿನಾಯಿತಿ ಸಿಗುತ್ತದೆಂದು ಅಂಗಡಿಯವರಿಗೆ ಮಾತು ಕೊಡಬೇಡಿ. 80ಜಿ ಎಂದೇ ಕರೆಯುವ ಆ ಆದಾಯ ತೆರಿಗೆ ವಿನಾಯಿತಿ ಅನ್ವಯಿಸುವುದು ಮಾನ್ಯತೆ ಪಡೆದ ಸಂಸ್ಥೆ, ನಿಧಿಗಳಿಗಷ್ಟೇ; 2,000 ರೂಪಾಯಿ ಮೀರಿದ ನಗದಿಗೆ ಇಲ್ಲ, ಅಕ್ಕಿ-ಬಟ್ಟೆಗೂ ಇಲ್ಲ.

ಹೆಸರಿಗಾಗಿ ಕೊಟ್ಟರೂ ಅಕ್ಕಿ ಅಕ್ಕಿಯೇ ತಾನೇ ಎಂದು ಈ ವಯಸ್ಸಿನವರು ವಾದಿಸುತ್ತಾರೆ. ಅಕ್ಕಿಯ ಮಟ್ಟಿಗೆ ಸರಿ. ತಗೊಳ್ಳುವವರ ಮುಖಕ್ಕೆ ಮೊಬೈಲ್ ಹಿಡಿದರೆ ಮಾತ್ರ ಲೆಕ್ಕ ಬೇರೆ: ಕಾಳಜಿ ಕೇಂದ್ರದಲ್ಲಿ ಕ್ಯೂ ನಿಂತ ಅಜ್ಜಿ 'ಬೇಡ ಮಾರಾಯ' ಅನ್ನುವ ಸ್ಥಿತಿಯಲ್ಲಿರುವುದಿಲ್ಲ. ಫೋಟೋ ಬೇಕೇ ಬೇಕಿದ್ದರೆ ಮೂಟೆಗಳದ್ದು ತೆಗೆಯಿರಿ.